ನಾಲ್ಕು ಮೂಲೆಗೆ ಅರಿಶಿನ

ಅಂದು ಬೆಳಿಗ್ಗೆ ನಾನು ಲಾರಿ ನೀರು ಸೋಸುತ್ತಿದ್ದೆ. ಆ ವರ್ಷ ಮದರಾಸಿಗೆ ಮಳೆ ಕೈಕೊಟ್ಟು ನಮ್ಮ ಫ್ಲ್ಯಾಟಿನ ಬಾವಿ ಬತ್ತಿಹೋಗಿತ್ತು. ವಾರಕ್ಕೆ ಮೂರು ದಿನ ಬರುವ ತಣ್ಣಿ ಲಾರಿಯೇ ಗತಿ. ಹಳೆಯ ಪಂಚೆಯ ತುಂಡನ್ನು ಕೊಡದ ಬಾಯಿಗೆ ಕಟ್ಟಿ, ಮೇಲಿಂದ ಚೊಂಬಿನಲ್ಲಿ ನಿಧಾನವಾಗಿ ಹೊಯ್ಯಬೇಕು. ಅವಸರ ಮಾಡಿದರೆ ತುಕ್ಕೆಲ್ಲ ಒಳಗೆ. ಹಿಂದಿನ ಸಲ ನಾಲ್ಕು ಕೊಡ ಸಿಕ್ಕಿದ್ದು ಅಂದು ಆರು ಸಿಕ್ಕಿತ್ತು. ದೇವರು ಶ್ರೀನಿವಾಸ ದೊಡ್ಡವನು ಎಂದುಕೊಂಡು ಮೂರನೆಯದಕ್ಕೆ ಬಟ್ಟೆ ಕಟ್ಟುವಾಗ ಫೋನು ಹೊಡೆದುಕೊಂಡಿತು.

ಆ ಕಡೆಯಿಂದ ಮಾತಾಡಿದ್ದು ನಮ್ಮ ಪರಿಚಯದ ಒಬ್ಬಾಕೆ. ಅವರ ಮಗಳ ಜಾತಕ ನನ್ನ ಹತ್ತಿರ ಇತ್ತು. ಹುಡುಗಿಗೆ ಅಂಬತ್ತೂರಿನ ಒಂದು ಕಂಪನಿಯಲ್ಲಿ ಕೆಲಸ.

"ಅಕ್ಕಾ, ನನ್ನ ಮಗಳ ಕೈ ಮುರಿದುಹಾಕಿದಾರೆ ಅಕ್ಕಾ. ನೆನ್ನೆ ಸಾಯಂಕಾಲ, ಬಸ್ ಸ್ಟಾಪಲ್ಲಿ. ಕೀಲ್ಪಾಕ್ ಆಸ್ಪತ್ರೇಲಿದೀವಿ. ಯಾವನೋ ಇವಳ ಫೋಟೋ ಕಂಪ್ಯೂಟರಿಗೆ ಹಾಕಿದಾನಂತೆ. ನೀವು ಅವತ್ತೇ ಹೇಳಿದ್ರಿ, ಕಂಪ್ಯೂಟರಿಗೆ ಕೊಡಬೇಡಿ ಅಂತ. ನಾನು ಕೇಳಲಿಲ್ಲ."

ನನ್ನ ಮನಸ್ಸಿಗೆ ಮೊದಲು ಬಂದದ್ದು ಆ ಹುಡುಗಿಯ ಕೈ ಅಲ್ಲ. "ಸಿಕ್ಕಿಬಿದ್ದಳು" ಅನ್ನುವ ಮಾತು. ಸಿಕ್ಕಿಬಿದ್ದಳು ಅಂದುಕೊಂಡದ್ದು ಆ ಕಂಪ್ಯೂಟರಿನವಳನ್ನು, ನಮ್ಮ ಎದುರು ಬ್ಲಾಕಿನವಳನ್ನು. ಒದ್ದೆ ಕೈಯಲ್ಲಿ ಫೋನು ಹಿಡಿದು ನಿಂತಿದ್ದಾಗ ಎದೆಯೊಳಗೆ ಏನೋ ಹಗುರವಾಯಿತು. ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದನ್ನು ಬಿಟ್ಟು ಬರೆದರೆ ಉಳಿದದ್ದೂ ಸುಳ್ಳಾಗುತ್ತದೆ.

ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಮದರಾಸಿನಲ್ಲಿ ನಮ್ಮ ಕನ್ನಡದ ಮನೆಗಳು ಅಲ್ಲೊಂದು ಇಲ್ಲೊಂದು. ಮಕ್ಕಳಿಗೆ ಸಂಬಂಧ ನೋಡುವುದು ಕಷ್ಟ. ನಮ್ಮ ತಂದೆಯಿಂದ ಕಲಿತ ನಾಲ್ಕಕ್ಷರ ಪಂಚಾಂಗ ನನಗೆ ಬರುತ್ತಿತ್ತು. ಹಾಗಾಗಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಜನ ಮನೆಗೆ ಬರುತ್ತಿದ್ದರು. ಒಂದು ರೂಪಾಯಿ ಮುಟ್ಟಿದವಳಲ್ಲ. ಬಂದವರ ಹೆಸರು, ವಿಳಾಸ, ಫೋನು ನಂಬರನ್ನು ಅವರ ಕೈಯಿಂದಲೇ ನೋಟ್‌ಬುಕ್ಕಿನಲ್ಲಿ ಬರೆಸಿ ರುಜು ಹಾಕಿಸುತ್ತಿದ್ದೆ. ಆಮೇಲೆ ನಕ್ಷತ್ರ, ಪಾದ, ಗೋತ್ರ ಕೇಳಿ, ಕೂಟ ನೋಡಿ, ಕೂಡಿಬರುವಂತಿದ್ದರೆ ಜಾತಕವನ್ನು ಬೇರೆ ಹಾಳೆಗೆ ನಕಲು ಮಾಡಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು ಕೊಡುವುದು. ಕೂಡಿಬರಲಿಲ್ಲ ಅಂದರೆ ಹಾಳೆ ವಾಪಸ್ ಬರಬೇಕು; ಬಂದದ್ದಕ್ಕೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕಬೇಕು. ಫೋಟೋ ಮಾತ್ರ ಮನೆಯಿಂದ ಆಚೆ ಹೋಗುವಂತಿಲ್ಲ. ನಡುಮನೆಯಲ್ಲಿ ಕೂತು ನೋಡಿ, ನನ್ನ ಕೈಗೇ ಕೊಟ್ಟು ಹೋಗಬೇಕು. ಹನ್ನೆರಡು ವರ್ಷ ಹೀಗೆಯೇ ನಡೆದಿತ್ತು.

ಆಗ ಬಂದಳು ಎದುರು ಬ್ಲಾಕಿಗೆ ಒಬ್ಬಳು. ಮೈಸೂರಿನ ಕಡೆಯವಳು, ಮೂವತ್ತೈದರ ಒಳಗೆ, ಓದಿದವಳು, ಒಂದು ಪುಟ್ಟ ಮಗಳು. ಮನೆಯಲ್ಲಿ ಕಂಪ್ಯೂಟರು, ಪ್ರಿಂಟರು, ಫೋಟೋ ಒಳಗೆ ಹಾಕುವ ಸ್ಕ್ಯಾನರು. ಯಾರೋ ಜಾತಕದ ಪ್ರೋಗ್ರಾಮು ಹಾಕಿಕೊಟ್ಟರಂತೆ. ಹುಟ್ಟಿದ ದಿನ, ಗಂಟೆ, ಊರು ಒತ್ತಿದರೆ ಕುಂಡಲಿ ತಾನೇ ಬರುತ್ತದೆ, ಬಣ್ಣದಲ್ಲಿ. ನಾನು ಎರಡು ಗಂಟೆ ಕೂತು ಮಾಡುವುದನ್ನು ಅವಳು ಐದು ನಿಮಿಷಕ್ಕೆ ಮುಗಿಸುತ್ತಾಳೆ. ಹುಡುಗ ದುಬೈಯಲ್ಲಿದ್ದರೂ ಸರಿ, ಫೋಟೋ ಆಗಲೇ ಹೊರಟುಹೋಗುತ್ತದೆ.

ನನ್ನ ಬಾಗಿಲಲ್ಲಿ ಭಾನುವಾರದ ಚಪ್ಪಲಿಗಳು ಕಡಿಮೆಯಾಗುತ್ತ ಬಂದವು. ಅಡುಗೆಮನೆಯ ಕಿಟಕಿಯಿಂದ ಅವಳ ಮೆಟ್ಟಿಲು ಕಾಣುತ್ತದೆ. ಪಾತ್ರೆ ತೊಳೆಯುತ್ತ ಆ ಮೆಟ್ಟಿಲು ಹತ್ತುವವರನ್ನು ಎಣಿಸುತ್ತಿದ್ದೆ. ನನ್ನ ಕೈಯಿಂದಲೇ ಮದುವೆ ಕೂಡಿದ ಮನೆಯವರು ತಮ್ಮ ಎರಡನೆಯ ಮಗನ ಜಾತಕ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಒಂದು ಸೀಮಂತದಲ್ಲಿ ಯಾರೋ ನಗುತ್ತ ಅಂದರು, "ಮಾಮಿ, ನಿಮ್ಮ ನೋಟ್‌ಬುಕ್ಕನ್ನ ಎಗ್ಮೋರ್ ಮ್ಯೂಸಿಯಂಗೆ ಕೊಟ್ಬಿಡಿ, ಭದ್ರವಾಗಿ ಇಟ್ಕೋತಾರೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ; ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದಳು. ಅದು ಇನ್ನೂ ಉರಿಯಿತು. ಆಯುಧಪೂಜೆಯ ದಿನ ಕಂಪ್ಯೂಟರಿನ ಹಣೆಗೆ ಗಂಧವಿಟ್ಟು ಹೂವು ಮುಡಿಸಿ ಎಲ್ಲರಿಗೂ ಚರುಪು ಹಂಚಿದಳು. ತಪ್ಪು ಹುಡುಕಲು ಹೋದರೆ ತಪ್ಪೂ ಸಿಗದು, ಅಂಥವಳು.

ಅಂದು ನೀರು ಸೋಸಿ ಮುಗಿಸಿ, ಸಾರನ್ನ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ. ಹುಡುಗಿಯ ಬಲಗೈಗೆ ಮೊಣಕೈತನಕ ಮಾವುಕಟ್ಟು, ಅಂದರೆ ಪ್ಲಾಸ್ಟರು. ಹಣೆಯ ಮೇಲೆ ಹೊಲಿಗೆ.

"ಪರವಾಯಿಲ್ಲೆ ಮಾಮಿ, ವಲಿ ಕಮ್ಮಿ ಆಗಿದೆ. ಇಂಜೆಕ್ಷನ್ ಕೊಟ್ರು," ಅಂದಳು. ಮದರಾಸಿನಲ್ಲೇ ಹುಟ್ಟಿ ಬೆಳೆದ ಹುಡುಗಿ. ನೋವೆಲ್ಲ ಅವಳಿಗೆ ತಮಿಳಿನಲ್ಲೇ.

ನಡೆದದ್ದು ಇಷ್ಟು. ಮೂರು ವಾರದಿಂದ ಆಫೀಸಿನ ಅವಳ ಮೇಜಿನ ಫೋನಿಗೆ ಗುರುತಿಲ್ಲದ ಗಂಡಸರ ಕರೆ ಬರುತ್ತಿತ್ತು. ಎಲ್ಲರದೂ ಒಂದೇ ಮಾತು: ನೀನೇ ಕರೆದೆಯಲ್ಲ. ಯಾರೋ ಇಂಟರ್‌ನೆಟ್ಟಿನಲ್ಲಿ ಅವಳ ಹೆಸರಿನದೇ ಒಂದು ಪುಟ ತೆರೆದು, ಅವಳ ಫೋಟೋ ಹಾಕಿ, ಬರೆಯಬಾರದ್ದನ್ನೆಲ್ಲ ಬರೆದು, ಆಫೀಸಿನ ನಂಬರನ್ನೂ ಕೊಟ್ಟಿದ್ದ. ಅವಳ ಹೆಸರಿನಲ್ಲೇ ಮೇಲ್ ಕಳಿಸಿ ಜನರನ್ನು ಕರೆಯುತ್ತಿದ್ದ. ಹುಡುಗಿ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಹಿಂದಿನ ಸಂಜೆ ಅಂಬತ್ತೂರಿನ ಬಸ್ ಸ್ಟಾಪಿಗೆ ಒಬ್ಬ ಬಂದೇ ಬಿಟ್ಟ. ಇವಳು ನೀವು ಯಾರೋ ಗೊತ್ತಿಲ್ಲ ಅಂದಳು. ಅವನಿಗೆ ರೇಗಿತು. ನನ್ನನ್ನು ಆಟ ಆಡಿಸುತ್ತೀಯಾ ಎಂದು ಕೈ ಹಿಡಿದು ತಿರುಚಿ ತಳ್ಳಿದ. ಹೋಗಿ ಬಿದ್ದದ್ದು ರಸ್ತೆಬದಿಯ ಕಲ್ಲಿನ ಅಂಚಿಗೆ. ಜನ ಸೇರಿ ಅವನನ್ನು ಹಿಡಿದಾಗ ಜೇಬಿನಲ್ಲಿ ಆ ಪುಟದ ಪ್ರಿಂಟು ಇತ್ತಂತೆ.

ತಳ್ಳಿದವನು ಪೊಲೀಸರ ಕೈಯಲ್ಲಿದ್ದ. ಪುಟ ತೆರೆದವನು ಯಾರೆಂದು ಗೊತ್ತಿರಲಿಲ್ಲ. ಅವನು ಸಿಗುವತನಕ ನಾಳೆ ಇನ್ನೊಬ್ಬ, ನಾಡಿದ್ದು ಮತ್ತೊಬ್ಬ ಬರಬಹುದು.

ಕಂಪ್ಯೂಟರಿನ ಅಪರಾಧಗಳಿಗೆಂದೇ ಪೊಲೀಸಿನವರು ಒಂದು ವಿಭಾಗ ತೆರೆದಿದ್ದರು. ಅಲ್ಲಿಂದ ಒಬ್ಬ ಇನ್ಸ್‌ಪೆಕ್ಟರಮ್ಮ ಬಂದಿದ್ದರು. ಕೇಳಿದ್ದು ಒಂದೇ ಪ್ರಶ್ನೆ, ತಮಿಳಿನಲ್ಲಿ: "ಈ ಫೋಟೋ ಯಾರ ಯಾರ ಕೈಗೆ ಹೋಗಿತ್ತು?"

ತಾಯಿ ಹೇಳಿದರು, "ಸ್ಟುಡಿಯೋದಲ್ಲಿ ಎರಡು ಪ್ರತಿ ತೆಗೆಸಿದ್ವಿ. ಒಂದು ಈ ಅಕ್ಕನ ಹತ್ತಿರ. ಇವರು ಫೋಟೋ ಯಾರಿಗೂ ಕೊಡೋರಲ್ಲ. ಇನ್ನೊಂದು ಎದುರು ಬ್ಲಾಕಿನ ಕಂಪ್ಯೂಟರಿಗೆ."

ಇನ್ಸ್‌ಪೆಕ್ಟರಮ್ಮ ನನ್ನ ಮುಖ ನೋಡಿದರು. "ನಾನು ಮೊದಲೇ ಬೇಡ ಅಂದಿದ್ದೆ," ಅಂದೆ. ನಿಜವನ್ನೇ ಹೇಳಿದ್ದೆ. ಆದರೆ ಯಾವ ಸತ್ಯ ಯಾವಾಗ ಬಾಯಿಗೆ ಬರುತ್ತದೆ ಅನ್ನುವುದರಲ್ಲೇ ಮನುಷ್ಯನ ಬುದ್ಧಿ ಕಾಣುತ್ತದೆ.

ಮಾರನೆಯ ದಿನ ಜೀಪು ಬಂತು. ಇಬ್ಬರು ಕಾನ್‌ಸ್ಟೇಬಲ್‌ಗಳು ಕಂಪ್ಯೂಟರಿನ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಅದೇ ಮೆಟ್ಟಿಲು ಇಳಿದರು. ಅವಳು ಹಿಂದೆಯೇ ಬಂದು, ಡಬ್ಬವನ್ನು ಜೀಪಿನಲ್ಲಿ ಅಡ್ಡ ಮಲಗಿಸಬೇಡಿ ಎಂದು ಹೇಳುತ್ತಿದ್ದಳು. ಎಲ್ಲ ಬಾಲ್ಕನಿಗಳಲ್ಲೂ ಜನ. ನಾನು ಬಾಲ್ಕನಿಗೆ ಹೋಗಲಿಲ್ಲ. ನನ್ನ ಕಿಟಕಿಯೇ ಸಾಕಿತ್ತು.

ಆಮೇಲಿನ ದಿನಗಳಲ್ಲಿ ಅವಳನ್ನು ಶುಕ್ರವಾರದ ಭಜನೆಗೆ ಯಾರೂ ಕರೆಯಲಿಲ್ಲ. ನನ್ನ ಫೋನು ಮಾತ್ರ ಹೊಡೆದುಕೊಳ್ಳುತ್ತಲೇ ಇತ್ತು. "ಮಾಮಿ, ನಮ್ಮ ಹುಡುಗನ ಜಾತಕ ನಿಮ್ಮ ಹತ್ತಿರಾನೇ ಇರಲಿ." "ನಿಮ್ಮ ಪದ್ಧತೀನೇ ಸರಿ ಮಾಮಿ, ಮನುಷ್ಯರನ್ನ ನೋಡಿ ಕೊಡ್ತೀರಿ." ಆ ಭಾನುವಾರ ಹನ್ನೊಂದು ಜೊತೆ ಚಪ್ಪಲಿ. ದೇವರಿಗೆ ಸಕ್ಕರೆ ನೈವೇದ್ಯ ಮಾಡಿದೆ. ಯಾವುದಕ್ಕೆ ಅಂತ ದೇವರು ಕೇಳಲಿಲ್ಲ; ನಾನೂ ಹೇಳಲಿಲ್ಲ.

ಗುರುವಾರ ಮಧ್ಯಾಹ್ನ ಅವಳೇ ನಮ್ಮ ಮನೆಗೆ ಬಂದಳು. ಕಣ್ಣ ಕೆಳಗೆ ಕಪ್ಪು. ಕೂಡಲು ಹೇಳಿದರೂ ಕೂಡಲಿಲ್ಲ. ಕೈಯಲ್ಲಿ ಒಂದು ಕಾಗದ.

"ಮಾಮಿ, ಇನ್ಸ್‌ಪೆಕ್ಟರ್ ಮೇಡಂ ಆ ಪುಟದ ಪ್ರಿಂಟ್ ಕೊಟ್ಟಿದಾರೆ. ಇದು ನಿನ್ನ ಸ್ಕ್ಯಾನಾ ಹೇಳು ಅಂತ. ನನ್ನದಲ್ಲ ಅಂದೆ. ಅವರು ನಂಬ್ತಿಲ್ಲ. ನೋಡಿ, ಇದರಲ್ಲಿ ಹುಡುಗಿ ಆಫೀಸಿನ ನಂಬರಿದೆ. ನನ್ನ ಪಟ್ಟೀಲಿ ಇದ್ದಿದ್ದು ಮನೆ ನಂಬರು ಮಾತ್ರ. ಇನ್ನೊಂದು, ಇಲ್ಲಿ ಮೂಲೆಗಳಲ್ಲಿ ಕಪ್ಪು ಕಲೆ ಇದೆ. ಪ್ರಿಂಟರ್ ತೊಂದರೆ ಅಂತಾರೆ. ಪ್ರಿಂಟರ್ ಕಲೆ ಹೀಗೆ ನಾಲ್ಕೂ ಮೂಲೆಗೆ ಸರಿಯಾಗಿ ಬರಲ್ಲ ಮಾಮಿ."

ಕಾಗದ ನನ್ನ ಕೈಗೆ ಬಂತು. ಕಪ್ಪು ಬಿಳುಪಿನ ಪ್ರಿಂಟು. ಹುಡುಗಿ ಹಸಿರು ರೇಷ್ಮೆಯಲ್ಲಿ ತೆಗೆಸಿಕೊಂಡ ಫೋಟೋ ಬೂದಿ ಬಣ್ಣವಾಗಿತ್ತು. ನಾಲ್ಕು ಮೂಲೆಯಲ್ಲೂ ಬೆರಳು ಒತ್ತಿದ ಹಾಗೆ ಕಲೆ. ಅದು ನನ್ನ ಉಂಗುರದ ಬೆರಳು.

ಎರಡು ತಿಂಗಳ ಹಿಂದೆ ಒಬ್ಬ ಬಂದಿದ್ದ. ರಾಯಪುರಂನಲ್ಲಿ ಮನೆ, ಹಾರ್ಬರಿನ ಹತ್ತಿರ ಒಂದು ಆಫೀಸಿನಲ್ಲಿ ಕೆಲಸ, ತಮ್ಮನಿಗೆ ಹೆಣ್ಣು ನೋಡುತ್ತಿದ್ದೇನೆ ಅಂದ. ಹೊಸ್ತಿಲಲ್ಲೇ ಕಾಲಿಗೆ ನಮಸ್ಕಾರ ಮಾಡಿದ. ಒಳ್ಳೆಯ ಕನ್ನಡ. ಹುಡುಗಿಯ ಫೋಟೋ ನೋಡಿ, ಮನೆಯಲ್ಲಿ ಅಮ್ಮನಿಗೆ ತೋರಿಸಬೇಕಿತ್ತು ಅಂದ. ನಾನು ಆಗುವುದಿಲ್ಲ ಅಂದೆ. ಆಗ ಅವನು ಮೆತ್ತಗೆ, "ಎದುರು ಬ್ಲಾಕಿನವರು ಕೇಳಿದ ತಕ್ಷಣ ಕಳಿಸ್ತಾರಂತೆ. ಪರವಾಗಿಲ್ಲ ಮಾಮಿ, ಅಲ್ಲೇ ಕೇಳ್ತೀನಿ," ಅಂದು ಎದ್ದ.

ಅಷ್ಟೇ. ಅವನು ಆ ಮೆಟ್ಟಿಲು ಹತ್ತುವುದನ್ನು ನಾನು ಕಿಟಕಿಯಲ್ಲಿ ನಿಂತು ನೋಡಬೇಕಾಗುತ್ತಿತ್ತು. "ಕೂತ್ಕೊಳ್ಳಪ್ಪ," ಅಂದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಫೋಟೋ ಹೊರಗೆ ಕೊಟ್ಟೆ. ಹೊರಗೆ ಹೋಗುವ ಶುಭದ ಕಾಗದಕ್ಕೆ ಅರಿಶಿನವಿಲ್ಲದೆ ಹೇಗೆ ಎಂದು ಫೋಟೋದ ನಾಲ್ಕು ಮೂಲೆಗೂ ಹಚ್ಚಿದೆ. ಅವಳಿಗಿಂತ ಒಂದು ಕೈ ಹೆಚ್ಚೇ ಇರಲಿ ಎಂದು ಹಿಂದುಗಡೆ ಹುಡುಗಿಯ ಆಫೀಸಿನ ನಂಬರೂ ಬರೆದೆ. ಆಮೇಲೆ ಇನ್ನೊಮ್ಮೆ ಕೂಟ ನೋಡಿದಾಗ ಇಬ್ಬರದೂ ಮಧ್ಯನಾಡಿ. ಆಗುವುದಿಲ್ಲ ಎಂದು ಫೋನಿನಲ್ಲಿ ತಿಳಿಸಿದೆ. "ಹುಡುಗಿ ಮನೆಯವರು ಬೇಡ ಅಂದ್ರಾ, ನೀವು ಬೇಡ ಅಂದ್ರಾ?" ಎಂದು ಕೇಳಿದ್ದ. ಫೋಟೋ ವಾಪಸ್ ಬರಲಿಲ್ಲ. ಹನ್ನೆರಡು ವರ್ಷ ಹಾಳೆ ತಪ್ಪದೆ ಕೇಳಿ ತರಿಸಿಕೊಂಡವಳು ಇದನ್ನು ಕೇಳಲಿಲ್ಲ. ಕೇಳಿದರೆ, ಕೊಟ್ಟಿದ್ದೆ ಅನ್ನುವುದು ಹೊರಗೆ ಬೀಳುತ್ತದಲ್ಲ.

"ನಿಮ್ಮ ಹತ್ತಿರ ಇರೋ ಫೋಟೋ ಒಂದ್ಸಲ ತೋರಿಸ್ತೀರಾ ಮಾಮಿ? ಹೋಲಿಸಿ ನೋಡೋಣ," ಅಂದಳು ಅವಳು.

"ಅದನ್ನ ಅವರಮ್ಮನಿಗೆ ಆಗಲೇ ವಾಪಸ್ ಕೊಟ್ಟೆ," ಅಂದೆ.

ಆ ತಾಯಿ ಇವಳ ಜೊತೆ ಮಾತು ಬಿಟ್ಟಿದ್ದಾರೆ, ಹೋಗಿ ಕೇಳುವಂತಿಲ್ಲ ಎಂದು ಗೊತ್ತಿದ್ದೇ ಅಂದೆ. ಅವಳು ಕಾಗದ ಮಡಿಸಿಕೊಂಡು ಹೋದಳು.

ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಪೊಲೀಸರ ಹೆದರಿಕೆಯಿಂದ ಸುಮ್ಮನಿದ್ದೆ ಎಂದು ಯಾರಾದರೂ ತಿಳಿದರೆ ಅದು ನನಗೆ ಮರ್ಯಾದೆ ಕೊಟ್ಟ ಹಾಗೆ. ನಾನು ಲೆಕ್ಕ ಹಾಕುತ್ತಿದ್ದದ್ದು ಒಂದೇ: ಬಾಯಿ ಬಿಟ್ಟರೆ ಈ ಹನ್ನೊಂದು ಜೊತೆ ಚಪ್ಪಲಿ ಮತ್ತೆ ಎದುರು ಮೆಟ್ಟಿಲಿಗೆ ಹೋಗುತ್ತವೆ. ಬೆಳಿಗ್ಗೆ ದೇವರಿಗೆ ಹೂವೇರಿಸುವಾಗ ಫೋಟೋದ ಮಾತು ಮನಸ್ಸಿಗೆ ಬಂದರೆ, ಸ್ತೋತ್ರವನ್ನು ಇನ್ನಷ್ಟು ಜೋರಾಗಿ ಹೇಳುತ್ತಿದ್ದೆ. ಪೊಲೀಸರು ಹೇಗೂ ಹಿಡಿಯುತ್ತಾರೆ ಬಿಡು ಅಂದುಕೊಳ್ಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ಹುಡುಗಿಯ ತಾಯಿಯ ಫೋನು. ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಗಿತ್ತು.

"ಈಗ ಒಬ್ಬ ಮನೆ ಬಾಗಿಲಿಗೇ ಬಂದಿದ್ದ ಅಕ್ಕಾ. ಕೈಯಲ್ಲಿ ಮಲ್ಲಿಗೆ ಹೂವಿನ ಪೊಟ್ಟಣ. ಅವಳಿದಾಳಾ ಅಂತ ಕೇಳ್ದ. ಮನೇಲಿ ನಾನೂ ಅವಳೂ ಇಬ್ಬರೇ. ಗ್ರಿಲ್ ಬಾಗಿಲು ಹಾಕಿತ್ತು, ದೇವರು ಕಾಪಾಡಿದ. ಈಗ ಮನೆ ವಿಳಾಸಾನೂ ಹುಡುಕಿ ಹಾಕಿದಾನೆ. ಇವಳು ಬಚ್ಚಲುಮನೆ ಸೇರ್ಕೊಂಡು ಚಿಲಕ ಹಾಕ್ಕೊಂಡಿದಾಳೆ, ಆಚೆ ಬರ್ತಿಲ್ಲ."

"ಅಯ್ಯೋ" ಅಂದೆ. "ದೇವರಿದ್ದಾನೆ" ಅಂದೆ. ಅಷ್ಟು ಹೇಳಿ ಫೋನಿಟ್ಟೆ. ಇಟ್ಟ ಮೇಲೂ ಹೇಳಲಿಲ್ಲ. ಹುಳಿಗೆ ಒಗ್ಗರಣೆ ಹಾಕಿದೆ, ಯಜಮಾನರಿಗೆ ಬಡಿಸಿದೆ.

ಮಧ್ಯಾಹ್ನ ಜನ ಬಂದರು. ಮೊದಲು ಕೂತದ್ದು ಮಗನಿಗೆ ಹೆಣ್ಣು ನೋಡುತ್ತಿದ್ದ ಗಂಡ ಹೆಂಡತಿ. ಒಂದು ಜಾತಕ ಕೂಡಿಬರುವಂತಿತ್ತು. ಹಾಳೆಗೆ ನಕಲು ಮಾಡಿದೆ. ಆಕೆ ಅಂದರು, "ಮಾಮಿ, ಫೋಟೋನೂ ಕೊಟ್ಬಿಡಿ. ನಮ್ಮ ಹುಡುಗ ಇರೋದು ಪುಣೇಲಿ. ನೀವು ಕೊಡಲ್ಲ ಅಂತ ಗೊತ್ತು. ಆದ್ರೆ ಈಗಿನ ಕಾಲದಲ್ಲಿ ಫೋಟೋ ಇಲ್ದೆ ಯಾರು ಒಪ್ತಾರೆ ಹೇಳಿ? ಇಲ್ಲಾಂದ್ರೆ ನಾವು ಅಣ್ಣಾನಗರದಲ್ಲಿ ಒಬ್ಬರಿದಾರಂತೆ, ಅಲ್ಲಿಗೆ ಹೋಗಬೇಕಾಗತ್ತೆ."

ಅಣ್ಣಾನಗರದಲ್ಲಿ ಇನ್ನೊಬ್ಬರು! ಅದು ಕಿವಿಗೆ ಬಿದ್ದದ್ದೇ ನನ್ನ ಎಡಗೈ ಫೋಟೋದ ಕವರು ತೆಗೆಯಿತು, ಬಲಗೈ ಅರಿಶಿನದ ಬಟ್ಟಲಿಗೆ ಹೋಯಿತು. ಬೆರಳು ಹಳದಿಯಾದ ಮೇಲೆ ನೋಡಿಕೊಂಡೆ. ಕವರಿನಲ್ಲಿದ್ದದ್ದು ಇನ್ನೊಂದು ಮನೆಯ ಹುಡುಗಿ, ಇಪ್ಪತ್ತಮೂರು ವರ್ಷದವಳು. ನನಗೆ ಏನೂ ಬುದ್ಧಿ ಬಂದಿರಲಿಲ್ಲ.

"ಇವತ್ತು ಆಗಲ್ಲ, ದಯಮಾಡಿ ಎಲ್ಲರೂ ಹೋಗಿಬನ್ನಿ," ಅಂದೆ. "ಏನಾಯ್ತು ಮಾಮಿ, ತಲೆ ಸುತ್ತಾ?" ಎಂದು ಕೇಳುತ್ತ ಎಲ್ಲರೂ ಎದ್ದರು.

ಒಳಗೆ ಹೋಗಿ ಪೇಪರು ಓದುತ್ತಿದ್ದ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ರೈಲ್ವೆ ಆಫೀಸಿನಲ್ಲಿ ಮೂವತ್ತು ವರ್ಷ ಫೈಲು ನೋಡಿದ ಮನುಷ್ಯ. ಕನ್ನಡಕ ತೆಗೆದು ಕೇಳಿದರು, "ಅವನ ಕೈಯಲ್ಲಿ ವಿಳಾಸ ಬರೆಸಿದೀಯಾ?"

"ಬರೆಸಿದೀನಿ."

"ನೋಟ್‌ಬುಕ್ ತಗೋ, ಸೀರೆ ಬದಲಾಯಿಸು."

"ಬೈಯಲ್ವಾ ನೀವು?"

"ಬರ್ತಾ ಆಟೋದಲ್ಲಿ ಬೈತೀನಿ ಕಣೆ. ಈಗ ಹೊತ್ತಿಲ್ಲ."

ಭಾನುವಾರವಾದರೂ ಇನ್ಸ್‌ಪೆಕ್ಟರಮ್ಮ ಆಫೀಸಿನಲ್ಲೇ ಇದ್ದರು. ಅದೊಂದು ದೇವರ ದಯೆ. ನನ್ನ ಹರಕು ತಮಿಳಿನಲ್ಲಿ ಮೊದಲಿನಿಂದ ಹೇಳಿದೆ. ಮುಗಿದ ಮೇಲೆ, "ಯಾವತ್ತು ಗೊತ್ತಾಯಿತು ಅಮ್ಮಾ ನಿಮಗೆ?" ಎಂದು ಕೇಳಿದರು.

"ಗುರುವಾರ."

"ಇವತ್ತು ಭಾನುವಾರ," ಅಂದರು, ಅಷ್ಟೇ. ಆಟೋದಲ್ಲಿ ಬೈಸಿಕೊಂಡದ್ದು ಅದರ ಮುಂದೆ ಏನೂ ಅಲ್ಲ.

ನೋಟ್‌ಬುಕ್ಕಿನಲ್ಲಿ ಅವನೇ ಬರೆದ ಆರು ಸಾಲು ಇತ್ತು. ವಿಳಾಸ ಸುಳ್ಳಿರಬಹುದು, ಫೋನು ನಂಬರು ಪಕ್ಕದ ಅಂಗಡಿಯದು. ಇನ್ಸ್‌ಪೆಕ್ಟರಮ್ಮ ಅದನ್ನು ಬಿಟ್ಟು ಬರಹವನ್ನೇ ನೋಡತೊಡಗಿದರು. ಬೀರುವಿನಿಂದ ಒಂದು ಉದ್ದನೆಯ ರಿಜಿಸ್ಟರು ತೆಗೆಸಿದರು. ರಾಯಪುರಂನ ಒಂದು ಬ್ರೌಸಿಂಗ್ ಸೆಂಟರಿನದು. ಬಂದವರು ಹೆಸರು, ಹೊತ್ತು ಬರೆದು ರುಜು ಹಾಕಿ ಕಂಪ್ಯೂಟರಿನ ಮುಂದೆ ಕೂಡಬೇಕಂತೆ.

"ಈ ಸೆಂಟರೇ ಅಂತ ಹೇಗೆ ಗೊತ್ತಾಯ್ತು?" ಎಂದು ನಮ್ಮವರು ಕೇಳಿದರು.

"ನಿಮ್ಮ ಎದುರು ಬ್ಲಾಕಿನವರು ಹೇಳಿಕೊಟ್ಟರು. ಪ್ರತಿ ಮೇಲ್‌ನ ತಲೆಯಲ್ಲಿ ಅದು ಹೊರಟ ಜಾಗದ ಅಂಕಿ ಅಡಗಿರುತ್ತದೆ. ಅದನ್ನು ಹಿಡಿದು ಇಂಟರ್‌ನೆಟ್ ಕಂಪನಿಯನ್ನು ಕೇಳಿ ಎಂದು ಅವರೇ ಬರೆದುಕೊಟ್ಟರು. ಒಳ್ಳೆಯ ಬುದ್ಧಿವಂತೆ. ಸೆಂಟರು ಸಿಕ್ಕಿತು. ಆದರೆ ಆ ಹೊತ್ತಿಗೆ ಕೂತಿದ್ದವರು ಒಂಬತ್ತು ಜನ, ಅರ್ಧ ಸುಳ್ಳು ಹೆಸರು."

ಕಳ್ಳಿಯ ಹಾಗೆ ಕೂತಿದ್ದ ಹೊತ್ತಿನಲ್ಲೂ "ಬುದ್ಧಿವಂತೆ" ಅನ್ನುವ ಮಾತು ನನಗೆ ಚುಚ್ಚಿತು. ತನ್ನ ಡಬ್ಬವನ್ನೇ ಹೊತ್ತುಕೊಂಡು ಹೋದವರಿಗೆ ಕೂತು ದಾರಿ ಬರೆದುಕೊಟ್ಟಿದ್ದಾಳೆ! ನಾನು ಮಾತು ಮುಚ್ಚಿಟ್ಟ ಆ ಮೂರು ದಿನದಲ್ಲಿ.

ರಿಜಿಸ್ಟರಿನ ಪಕ್ಕ ನನ್ನ ನೋಟ್‌ಬುಕ್ ತೆರೆದಿಟ್ಟರು. ಅವನಿಗೆ ಇಂಗ್ಲಿಷಿನ ಏಳರ ಅಂಕಿಗೆ ನಡುವೆ ಅಡ್ಡಗೀಟು ಎಳೆಯುವ ಅಭ್ಯಾಸ, ರುಜುವಿನ ಕೆಳಗೆ ಎರಡು ಚುಕ್ಕಿ. ಒಂಬತ್ತರಲ್ಲಿ ಒಂದು ಹೆಸರಿಗೆ ಅದೇ ಏಳು, ಅದೇ ಚುಕ್ಕಿ. ಅಂಗಡಿಯವನನ್ನು ಕೇಳಿ ಮನೆ ಪತ್ತೆ ಮಾಡಿ ಸೋಮವಾರವೇ ಹಿಡಿದರು. ತಮ್ಮ ಯಾರೂ ಇರಲಿಲ್ಲ; ಜಾತಕ ಅವನದೇ. ಬೇಡ ಅನ್ನಿಸಿಕೊಂಡ ಸಿಟ್ಟು. ಗುರುತು ಹಿಡಿಯಲು ಕರೆದಾಗ ಹೋದೆ. ಅಂದಿನಂತೆಯೇ ಮೆತ್ತಗೆ, "ನಮಸ್ಕಾರ ಮಾಮಿ," ಅಂದ. ಆ ಪುಟವನ್ನು ತೆಗೆಸಿದರು. ಎಷ್ಟು ಜನ ಅದಾಗಲೇ ಪ್ರಿಂಟು ತೆಗೆದಿಟ್ಟುಕೊಂಡಿದ್ದಾರೋ ಹೇಳಲಾಗದು ಎಂದು ಇನ್ಸ್‌ಪೆಕ್ಟರಮ್ಮ ಅಂದರು. ಒಂದು ಕಾಗದ ಕೊಟ್ಟರೆ ಒಂದು ಕಾಗದವೇ ಹೋಗುತ್ತದೆ ಎಂದು ತಿಳಿದಿದ್ದವಳು ನಾನು.

ಕಂಪ್ಯೂಟರು ಅವಳ ಮನೆಗೆ ವಾಪಸ್ ಬಂದ ದಿನ ನಾನೇ ಹೋಗಿ ಆ ಮೆಟ್ಟಿಲು ಹತ್ತಿದೆ. ಅದೇ ಮೊದಲ ಸಲ ಹತ್ತಿದ್ದು. ಬಾಗಿಲಲ್ಲೇ ನಿಂತು ಹೇಳಿದೆ: ಫೋಟೋ ಕೊಟ್ಟದ್ದು, ಗುರುವಾರ ಸುಳ್ಳು ಹೇಳಿದ್ದು. ಯಾಕೆ ಕೊಟ್ಟೆ ಅನ್ನುವುದನ್ನೂ ಹೇಳಿದೆ. ಅದು ಎಲ್ಲಕ್ಕಿಂತ ಕಷ್ಟವಾಯಿತು.

"ಹತ್ತು ದಿನ ನನ್ನ ಮಗಳನ್ನ ಯಾರೂ ಆಟಕ್ಕೆ ಕರೀಲಿಲ್ಲ ಮಾಮಿ," ಅಂದಳು. ಬಾಗಿಲು ಮುಚ್ಚಲಿಲ್ಲ, ಒಳಗೆ ಬನ್ನಿ ಅನ್ನಲೂ ಇಲ್ಲ. ನಾನು ಇಳಿದು ಬಂದೆ. ಆ ಶುಕ್ರವಾರದ ಭಜನೆಯಲ್ಲಿ ಮಂಗಳಾರತಿಗೆ ಮೊದಲು ಎಲ್ಲರ ಎದುರಿಗೂ ಹೇಳಿದೆ. ಮುಂದಿನ ಭಾನುವಾರ ನನ್ನ ಬಾಗಿಲಲ್ಲಿ ಚಪ್ಪಲಿ ಇರಲಿಲ್ಲ. ನೋಟ್‌ಬುಕ್ಕು ಹೇಗೂ ಪೊಲೀಸರ ಹತ್ತಿರವಿತ್ತು.

ಇನ್ನೊಂದು ಕೆಲಸ ಉಳಿದಿತ್ತು. ಹುಡುಗಿಯ ಜಾತಕವನ್ನು ಅವರ ಮನೆಗೆ ತಲುಪಿಸಬೇಕು. ಒಂದು ಏಕಾದಶಿಯ ಮಧ್ಯಾಹ್ನ ಹೋದೆ. ತಾಯಿ ಗ್ರಿಲ್ ಬಾಗಿಲು ತೆರೆದರು. ಕವರು ತೆಗೆದುಕೊಂಡರು. "ಅಕ್ಕಾ" ಅನ್ನಲಿಲ್ಲ. ನಾನು ಕೈ ಮುಗಿದು ಕ್ಷಮೆ ಕೇಳಿದೆ.

"ಬಚ್ಚಲುಮನೆ ಬಾಗಿಲು ಒಡೆಸಿ ಅವಳನ್ನ ಆಚೆ ಕರ್ಕೊಂಡು ಬಂದ್ವಿ ರೀ ಅವತ್ತು. ಬೆಳಿಗ್ಗೆ ನಿಮಗೆ ಫೋನ್ ಮಾಡಿದ್ನಲ್ಲ, ಆಗ ನಿಮಗೆ ಗೊತ್ತಿತ್ತು," ಅಂದರು. ಕುಂಕುಮ ಕೊಡದೆ ಒಳಗೆ ಹೋದರು. ನಮ್ಮಲ್ಲಿ ಮುತ್ತೈದೆಯನ್ನು ಹಾಗೆ ಕಳಿಸುವ ಪದ್ಧತಿಯಿಲ್ಲ. ಆಕೆಗೆ ಅದು ಮರೆತು ಆದದ್ದಲ್ಲ.

ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದೆ ಹೆಜ್ಜೆಯ ಸದ್ದಾಯಿತು. ಹುಡುಗಿ. ಬಲಗೈ ಇನ್ನೂ ಕಟ್ಟಿನಲ್ಲಿ. ಎಡಗೈಯಲ್ಲಿ ಕುಂಕುಮದ ಭರಣಿ.

"ಈ ಕೈಯಲ್ಲಿ ಕೊಡೋ ಹಾಗಿಲ್ಲ ಮಾಮಿ. ನೀವೇ ಇಟ್ಕೊಳ್ಳಿ."

ಇಟ್ಟುಕೊಂಡೆ. ಏನಾದರೂ ಮಾತಾಡಬೇಕಲ್ಲ ಎಂದು, "ಆಫೀಸಿಗೆ ಹೋಗ್ತಿದೀಯಾ?" ಎಂದು ಕೇಳಿದೆ.

"ಮಂಡೇಯಿಂದ. ಆಂಟಿ ನೇತ್ತು ಬಂದಿದ್ರು, ಎದುರು ಬ್ಲಾಕ್ ಆಂಟಿ. ಎಡಗೈಯಲ್ಲಿ ಟೈಪ್ ಮಾಡೋದು ಸೊಲ್ಲಿ ಕೊಟ್ರು. ರೊಂಬ ಈಸಿ."

ಅವಳು ನನಗಿಂತ ಒಂದು ದಿನ ಮೊದಲೇ ಬಂದು ಹೋಗಿದ್ದಾಳೆ. ಹೊಟ್ಟೆಕಿಚ್ಚು ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಆ ಕ್ಷಣವನ್ನು ಹೇಳುತ್ತೇನೆ. ಹುಡುಗಿಯ ಮುರಿದ ಕೈಯ ಮುಂದೆ ನಿಂತೂ ಅದು ಎದ್ದಿತು. ಎದ್ದದ್ದು ತಿಳಿಯಿತಲ್ಲ, ಅಷ್ಟು ದಯೆ ಸಾಕು ಅಂದುಕೊಂಡೆ.

ಅವಳ ಹಣೆ ಬರಿದಾಗಿತ್ತು. ಹೊಲಿಗೆ ಬಿಚ್ಚಿದ ಗೆರೆ ಕೆಂಪಗೆ ಕಾಣುತ್ತಿತ್ತು. ಬೆರಳಿನಲ್ಲಿ ಕುಂಕುಮ ಉಳಿದಿತ್ತು. "ನಿನಗೆ ಇಡಲಾ?" ಎಂದೆ.

ಅವಳು ನನ್ನ ಬೆರಳನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು.

"ಇಪ್ಪೊ ವೇಂಡಾಂ ಮಾಮಿ," ಅಂದಳು. ಈಗ ಬೇಡ.

ಮನೆಗೆ ಬಂದು ಕಾಲು ತೊಳೆದೆ. ಯಜಮಾನರು ಮಾರ್ಕೆಟ್ಟಿನಿಂದ ಅಗಸೆ ಸೊಪ್ಪು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಬೆಳಿಗ್ಗೆ ದ್ವಾದಶಿ ಪಾರಣೆಗೆ ಬೇಕು. ಪೇಪರು ಹಾಸಿಕೊಂಡು ನೆಲಕ್ಕೆ ಕೂತು, ಕಟ್ಟು ಬಿಚ್ಚಿ, ಕಡ್ಡಿಯಿಂದ ಎಲೆ ಬಿಡಿಸತೊಡಗಿದೆ.